ಮೂರು ಕಾಫಿ ಎಲೆ, ಕೊಲಂಬೊದ ಒಂದು ಭಾಷಣ

ಅಮ್ಮತ್ತಿ

ಎರಡು ತಿಂಗಳು ನಮ್ಮ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೇ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ತೂಗುತ್ತಿತ್ತು. ಕೊಲಂಬೊದ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ನನ್ನ ತಮ್ಮ ಶೀನು ಕಳಿಸಿದ್ದು. ಅಲ್ಲಿ ಒಂದು ವಾರ ವಿಜ್ಞಾನದ ಹಬ್ಬವಂತೆ. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ನಮ್ಮ ನಿಮ್ಮಂಥವರಿಗೆ ಅರ್ಥವಾಗುವ ಹಾಗೆ ಮಾತಾಡುತ್ತಾರಂತೆ. ಯಾರು ಬೇಕಾದರೂ ಹೋಗಿ ಕೂರಬಹುದಂತೆ, ಪ್ರಶ್ನೆಯನ್ನೂ ಕೇಳಬಹುದಂತೆ. ಸಾರು ಕುದಿಯುವಾಗ ಒಮ್ಮೆ, ಅನ್ನ ಬಸಿಯುವಾಗ ಒಮ್ಮೆ ನಾನು ಆ ಹಾಳೆ ಓದುತ್ತಿದ್ದೆ. ಹೀಗೆ ಓದಿ ಓದಿ ಎರಡು ಸಲ ಸಾರು ಉಕ್ಕಿಸಿದ್ದೂ ಉಂಟು.

ಅಮ್ಮತ್ತಿಯ ಶಾಲೆಯಲ್ಲಿ ಹದಿನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಆದರೆ ಒಬ್ಬ ವಿಜ್ಞಾನಿಯನ್ನೂ ಕಣ್ಣಾರೆ ಕಂಡವಳಲ್ಲ. ಹಾಳೆಯಲ್ಲಿ ಎರಡು ಕಡೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಗುರುವಾರ ಸಂಜೆ ನಕ್ಷತ್ರಗಳ ಬಗ್ಗೆ ಭಾಷಣ, ಅದು ನನಗಾಗಿ. ಶನಿವಾರ ಮಧ್ಯಾಹ್ನ, ಸಿಲೋನಿನ ಕಾಫಿ ಹೇಗೆ ಸತ್ತಿತು ಎಂಬ ಭಾಷಣ, ಅದು ನಮ್ಮಿಬ್ಬರಿಗಾಗಿ.

ಎರಡನೆಯದರ ಹಿನ್ನೆಲೆ ಹೇಳಬೇಕು. ನನ್ನ ಯಜಮಾನರು ಹತ್ತಿರದ ಎಸ್ಟೇಟೊಂದರಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಆರು ದಿನ ಲೈನಿನ ಮನೆಗಳಲ್ಲಿರುವ ತಮಿಳು ಆಳುಗಳ ಹಾಜರಿ, ಪಿಕ್ಕಿಂಗಿನ ಉಸ್ತುವಾರಿ, ದೊರೆಗಳ ಬೈಗುಳ. ಏಳನೆಯ ದಿನ ನಮ್ಮದೇ ಮೂರು ಎಕರೆ. ಕುರುಚಲು ಸವರಿ, ಗುಂಡಿ ತೋಡಿ, ಒಂದೊಂದು ಭಾನುವಾರ ಒಂದೊಂದು ಸಾಲಿನಂತೆ ಅವರು ಕೈಯಾರೆ ನೆಟ್ಟ ಅರೇಬಿಕಾ ಗಿಡಗಳು ಅಲ್ಲಿದ್ದವು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವಕ್ಕೆ ತುಕ್ಕು ರೋಗ ಬಿತ್ತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಆಮೇಲೆ ಎಲೆಯೇ ಉದುರಿ ಗಿಡ ಬರೀ ಕಡ್ಡಿ. ಒಂದು ತಿಂಗಳು ಇವರು ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಊಟಕ್ಕೆ ಕೂತವರು ತಲೆ ಎತ್ತದೆ ಹೇಳಿದರು: "ಎಲ್ಲ ಬುಡಸಮೇತ ತೆಗ್ಸೋದು. ಮಳೆ ಹಿಡಿಯೋ ಮುಂಚೆ ಕಿತ್ತಳೆ ಗಿಡ ಇಡೋದು."

ಬೇಡ ಎಂದೆ. ಅತ್ತೂ ಬೇಡ ಎಂದೆ. ಇವರು ಕೇಳಬೇಕಲ್ಲ! ಪಕ್ಕದ ತೋಟದ ಮೊಣ್ಣಪ್ಪನವರು ಆಗಲೇ ತಮ್ಮ ಕಾಫಿ ತೆಗೆಸಿ ಕಿತ್ತಳೆ ಇಟ್ಟಿದ್ದರು. ಅವರೇ ನಮಗೂ ಆಳುಗಳನ್ನು ಗೊತ್ತುಮಾಡಿಕೊಟ್ಟರು. ಶೀನುವಿನ ಹಾಳೆ ಬಂದದ್ದು ಆ ಜಗಳದ ನಡುವೆ. ಕೊನೆಗೆ ರಾಜಿಯಾಯಿತು. ಬೇಸಿಗೆ ರಜದಲ್ಲಿ ಕೊಲಂಬೊಕ್ಕೆ ಹೋಗುವುದು, ಆ ವಿಜ್ಞಾನಿಯನ್ನೇ ಕೇಳುವುದು.

"ಅವ್ರು ಕೀಳಿ ಅಂದ್ರೆ ನೀನು ಒಂದು ಮಾತೂ ಆಡ್ಲಿಕ್ಕಿಲ್ಲ," ಎಂದರು ಇವರು.

"ಇರ್ಲಿ ಅಂದ್ರೆ ನೀವೂ ಆಡ್ಲಿಕ್ಕಿಲ್ಲ," ಎಂದೆ ನಾನು.

ಆಳುಗಳು ಬರುವುದು ನಾವು ಊರಿಗೆ ವಾಪಸಾದ ಮರುದಿನಕ್ಕೆ ಎಂದು ನಿಗದಿಯಾಯಿತು. ಹೊರಡುವ ದಿನ ಬಸ್ಸಿನ ಹತ್ತಿರ ಸಿಕ್ಕ ಮೊಣ್ಣಪ್ಪನವರು ಮೀಸೆಯಲ್ಲೇ ನಕ್ಕರು: "ಎಂಥ ಟೀಚರೇ, ನಾಲ್ಕು ಗಿಡ ಕೀಳ್ಲಿಕ್ಕೆ ಸಮುದ್ರ ದಾಟಿ ಅಪ್ಪಣೆ ಕೇಳ್ಬೇಕಾ?"

ಧನುಷ್ಕೋಡಿ

ಬಸ್ಸು, ರೈಲು, ಮತ್ತೆ ರೈಲು. ಬೆಟ್ಟ ಇಳಿದ ಮೇಲೆ ಸೆಕೆಯೇ ಸೆಕೆ. ಮಡಿಕೇರಿಯ ಮಂಜಿನಲ್ಲಿ ಹುಟ್ಟಿ ಬೆಳೆದ ನನಗೆ ರಾಮನಾಡಿನ ಬಿಸಿಲು ಬಾಣಲೆಯಲ್ಲಿ ಕೂರಿಸಿದ ಹಾಗಿತ್ತು. ಇವರಂತೂ ಆ ಬಿಸಿಲಿನಲ್ಲೂ ಎಸ್ಟೇಟಿಗೆ ಹಾಕುವ ಕರಿ ಕೋಟು ಬಿಚ್ಚಲಿಲ್ಲ. ಪರದೇಶಕ್ಕೆ ಹೋಗುವವನು ಕೋಟಿಲ್ಲದೆ ಹೋಗುವುದೇ ಎಂಬುದು ಅವರ ವಾದ.

ಹಡಗು ಹತ್ತುವ ಮೊದಲು ವೈದ್ಯರೊಬ್ಬರು ನಮ್ಮ ನಾಲಿಗೆ, ಕಣ್ಣು, ಅಂಗೈ ನೋಡಿದರು. ಪಾಸ್‌ಪೋರ್ಟು ನೋಡಿದ ಅಧಿಕಾರಿ, "ಕೊಡಗು ಅಂದರೆ ಮೈಸೂರಿನಲ್ಲಿ ಬರುತ್ತದಲ್ಲವೇ?" ಎಂದು ಕೇಳಿದ. ಆಗ ನಮ್ಮ ಕೊಡಗು ತನ್ನದೇ ಆದ ಪುಟ್ಟ ರಾಜ್ಯ. ಇವರು ಎದೆ ಸೆಟೆಸಿ, "ಇಲ್ಲ, ಬೇರೆ ಸ್ಟೇಟು," ಎಂದರು. ಆತ ಇನ್ನೊಮ್ಮೆ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಠಸ್ಸೆ ಒತ್ತಿದ.

ಸಮುದ್ರ ದಾಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಕಂಬಿ ಹಿಡಿದು ನಿಂತು ನೀರಿನ ಬಣ್ಣ ಬದಲಾಗುವುದನ್ನು ನೋಡಿದೆ. ಇವರು ಕಣ್ಣು ಮುಚ್ಚಿ ಕೂತು ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು.

ತಲೈಮನ್ನಾರ್

ಸಿಲೋನಿನ ನೆಲಕ್ಕೆ ಕಾಲಿಟ್ಟ ಇಲ್ಲಿಯೇ ನಮ್ಮ ಮಾನ ಹೋಯಿತು. ಅದಕ್ಕೆ ಕಾರಣ ನಮ್ಮ ಊರಿನ ಒಂದು ಅಭ್ಯಾಸ.

ನಮ್ಮಲ್ಲಿ ಗಿಡಕ್ಕೆ ಏನಾದರೂ ಆದರೆ ಎಲೆ ಕಿತ್ತು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತೇವೆ. ತಿಳಿದವರು ಸಿಕ್ಕಿದ ಕಡೆ ತೆಗೆದು ತೋರಿಸುತ್ತೇವೆ. ಅಮ್ಮತ್ತಿಯ ಸಂತೆಯ ದಿನ ಅಂಗಡಿಗಳ ಮುಂದೆ ನೋಡಬೇಕು: ಒಬ್ಬರ ಜೇಬಿನಿಂದ ಬಂದ ಎಲೆ ನಾಲ್ಕು ಜನರ ಕೈ ದಾಟಿ, ಐದನೆಯವರ ಮೂಗಿನ ಹತ್ತಿರ ಹೋಗಿ, ಆರನೆಯವರ ಜೇಬು ಸೇರುತ್ತದೆ. ಹಾಗಿರುವಾಗ ವಿಜ್ಞಾನಿಯ ಹತ್ತಿರ ಬರಿಗೈಯಲ್ಲಿ ಹೋಗುವುದು ಹೇಗೆ? ತುಕ್ಕು ಹಿಡಿದ ಮೂರು ಎಲೆಗಳನ್ನು ಇವರು ಪಂಚಾಂಗದ ನಡುವೆ ಜೋಪಾನವಾಗಿ ಇಟ್ಟು ತಂದಿದ್ದರು.

ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ತೆರೆಸಿದ ಅಧಿಕಾರಿ ಪಂಚಾಂಗ ಬಿಡಿಸಿದ. ಹಾಳೆಯ ಮೇಲೆ ಕಿತ್ತಳೆ ಬಣ್ಣದ ಪುಡಿ ಉದುರಿತ್ತು.

"ಇದೇನು?" ಎಂದ ಇಂಗ್ಲಿಷಿನಲ್ಲಿ.

ಇವರು ಬಾಯಿ ತೆರೆಯುವ ಮೊದಲೇ ನನ್ನೊಳಗಿನ ಟೀಚರು ಎದ್ದು ನಿಂತಳು. ಪ್ರಸಾದ ಕೊಡುವವರ ಹೆಮ್ಮೆಯಿಂದ ವಿವರಿಸಿದೆ: "ಇದು ಕಾಫಿಯ ತುಕ್ಕು. ನಿಮ್ಮ ದೇಶದ ಕಾಫಿಯನ್ನೆಲ್ಲ ಮುಗಿಸಿದ್ದು ಇದೇ ರೋಗ."

ಚೇಳು ಮುಟ್ಟಿದವನ ಹಾಗೆ ಆತ ಪಂಚಾಂಗ ಕೆಳಗೆ ಹಾಕಿದ. ಮೇಲಿನ ಅಧಿಕಾರಿ ಬಂದ. ಅವನ ಮೇಲಿನವನೂ ಬಂದ. ಎಲೆಗಳನ್ನು ಇಕ್ಕಳದಲ್ಲಿ ಹಿಡಿದು ಡಬ್ಬಿಯೊಂದರಲ್ಲಿ ಸುಟ್ಟರು. ಪಂಚಾಂಗವೂ ಜೊತೆಗೇ ಹೋಯಿತು. ನನ್ನ ಯಜಮಾನರು, ದೊರೆಗಳ ಎದುರೂ ಬಿಚ್ಚದ ಕೋಟನ್ನು ಬಿಚ್ಚಿ, ಎಲ್ಲರ ಮುಂದೆ ಬಿಸಿನೀರಿನ ತೊಟ್ಟಿಗೆ ಅದ್ದಬೇಕಾಯಿತು. ನಾವು ಯಾರು, ಎಲೆ ಯಾಕೆ ತಂದೆವು, ಇನ್ನೆಲ್ಲಾದರೂ ಅಡಗಿಸಿದ್ದೇವೆಯೋ ಎಂದು ಬರೆಸಿಕೊಂಡರು. ಬರೆದು ಮುಗಿಯುವ ಹೊತ್ತಿಗೆ ಕೊಲಂಬೊ ರೈಲು ಕೂಗಿ ಹೊರಟೇ ಹೋಯಿತು.

ಅದು ಬುಧವಾರದ ಸಂಜೆ. ಇನ್ನೊಂದು ರೈಲು ಮರುದಿನ ಸಂಜೆಗೇ. ಅಂದರೆ ನನ್ನ ನಕ್ಷತ್ರದ ಭಾಷಣ ತಪ್ಪಿದ ಹಾಗೆ.

ನಾನು ಪ್ರಯಾಣಿಕರ ಕೋಣೆಯ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಇವರು ತೊಯ್ದ ಕೋಟನ್ನು ಕೈಯಲ್ಲಿ ಹಿಡಿದು ಅಪರಾಧಿಯಂತೆ ನಿಂತಿದ್ದರು. "ನಾನು ಹೇಳ್ದೆ, ಬೇಡ ಈ ಉಸಾಬರಿ ಅಂತ," ಎಂದರು. ಅವರು ಹಾಗೆ ಹೇಳಿಯೇ ಇರಲಿಲ್ಲ. ಎಲೆ ತರುವ ಯೋಚನೆ ಇಬ್ಬರದೂ ಆಗಿತ್ತು.

ಮರುದಿನ ಪೂರ್ತಿ ಅಲ್ಲೇ. ಮರಳು, ತಾಳೆಮರ, ಒಣಮೀನಿನ ವಾಸನೆ. ಸ್ಟೇಷನ್ ಮಾಸ್ಟರರ ಹೆಂಡತಿಗೆ ನಮ್ಮ ಕತೆ ಹೇಗೋ ತಿಳಿದು, ನಗು ತಡೆದುಕೊಂಡೇ ಕೆಂಪಕ್ಕಿ ಅನ್ನವನ್ನೂ ತೆಂಗಿನತುರಿಯ ಖಾರ ಚಟ್ನಿಯನ್ನೂ ಕಳಿಸಿಕೊಟ್ಟಳು. ಒಣಮೀನು ಹಾಕಿಲ್ಲ ಎಂದು ಬೇರೆಯಾಗಿ ಹೇಳಿಕಳಿಸಿದ್ದಳು. ಆ ತಾಯಿಗೆ ಪುಣ್ಯ ಬರಲಿ.

ಸಂಜೆ ರೈಲಿಗೆ ಕಾಯುತ್ತಿದ್ದಾಗ ಆಕಾಶ ತುಂಬ ನಕ್ಷತ್ರ ಮೂಡಿತು. ನಮ್ಮ ಊರಿನಲ್ಲಿ ಮರ, ಬೆಟ್ಟ, ಮೋಡದ ನಡುವೆ ಆಕಾಶ ತುಂಡು ತುಂಡಾಗಿ ಕಾಣುವುದು. ಇಲ್ಲಿ ನೀರಿನ ಅಂಚಿನವರೆಗೂ ಒಂದೇ ಹರವು. ಇವರು ಸಮಾಧಾನ ಮಾಡುವ ದನಿಯಲ್ಲಿ ಒಂದನ್ನು ತೋರಿಸಿ, "ಅದ್ಯಾವ್ದು, ಅಷ್ಟು ಕೆಂಪಗೆ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ. "ಅದನ್ನೇ ಈಗ ಕೊಲಂಬೊದಲ್ಲಿ ಹೇಳ್ತಾ ಇರ್ತಾರೆ."

ಇಬ್ಬರಿಗೂ ನಗು ಬಂತು.

ಕೊಲಂಬೊ, ಶುಕ್ರವಾರ

ಸ್ಟೇಷನ್ನಿಗೆ ಬಂದಿದ್ದ ಶೀನುವಿಗೆ ನಾನು ಕೇಳಿದ ಮೊದಲ ಮಾತು ಯೋಗಕ್ಷೇಮದ್ದಲ್ಲ.

"ನಕ್ಷತ್ರದ ಭಾಷಣಕ್ಕೆ ಹೋಗಿದ್ಯೇನೋ?"

"ಹೋಗಿದ್ದೆ ಅಕ್ಕ, ನಿನ್ನ ಬದ್ಲಿಗೆ."

"ಏನು ಹೇಳಿದ್ರು?"

"ದೀಪ ಆರ್ಸಿ ಗೋಡೆ ಮೇಲೆ ಚಿತ್ರ ಬಿಟ್ರು. ಮೇಲೆ ಫ್ಯಾನು ಬೇರೆ ತಿರುಗ್ತಾ ಇತ್ತು. ಕಣ್ಣು ಬಿಟ್ಟಾಗ ಎಲ್ಲ ಚಪ್ಪಾಳೆ ತಟ್ತಾ ಇದ್ರು."

ನನ್ನ ತಮ್ಮ ಅಂಥವನು. ಅಂಗಡಿಯಲ್ಲಿ ದಿನವಿಡೀ ನಿಂತವನಿಗೆ ಬೈಯಲೂ ಮನಸ್ಸು ಬರಲಿಲ್ಲ.

ಅವನ ಬಾಡಿಗೆ ಕೋಣೆಯಲ್ಲಿ ನಾನು ಊರಿನಿಂದ ತಂದ ಪುಡಿ ಹಾಕಿ ಕಾಫಿ ಮಾಡಿದೆ. ವಾಸನೆ ಹಿಡಿದು ಕೆಳಮನೆಯ ಸಿಂಹಳದ ಒಡತಿ ಮೇಲೆ ಬಂದಳು. ಬಂದವಳೇ ಕಳವಳದಿಂದ ಏನೋ ಕೇಳಿದಳು. ಶೀನು ಬಿಡಿಸಿ ಹೇಳಿದ: ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಿದ್ದಾಳಂತೆ. ಅವಳ ಮನೆಯಲ್ಲಿ ಕಾಫಿ ಎಂದರೆ ನೆಗಡಿಯಾದಾಗ ಶುಂಠಿ ಹಾಕಿ ಕುಡಿಯುವ ಕಷಾಯವಂತೆ. ಅವಳಿಗೂ ಒಂದು ಲೋಟ ಕೊಟ್ಟೆ. ಔಷಧ ಕುಡಿಯುವ ಹಾಗೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದು, ಕೈ ಮುಗಿದು ಹೋದಳು. ಒಂದು ಕಾಲದಲ್ಲಿ ಗುಡ್ಡದ ತುಂಬ ಕಾಫಿ ಇದ್ದ ನಾಡಿನಲ್ಲಿ ಈ ಗತಿಯೇ ಎಂದು ಇವರು ಮುಖ ಸಣ್ಣದು ಮಾಡಿಕೊಂಡರು.

ಮಧ್ಯಾಹ್ನ ನಾನು ಕೇಳಿದ ಮೊದಲ ಭಾಷಣ. ಸಮುದ್ರದ ಉಬ್ಬರ ಇಳಿತದ ಬಗ್ಗೆ. ಸಭಾಂಗಣದ ಬಾಗಿಲಲ್ಲಿ ರಾಶಿ ಕೊಡೆಗಳು. ಬಿಸಿಲಿಗೂ ಕೊಡೆ, ಮಳೆಗೂ ಕೊಡೆ, ಅಲ್ಲಿಯವರ ಕೈ ಖಾಲಿ ಇರುವುದೇ ಇಲ್ಲ. ಒಳಗೆ ಕೋಟಿನವರು, ಪಂಚೆಯವರು, ಬಿಳಿ ಫ್ರಾಕಿನ ಶಾಲೆಯ ಹುಡುಗಿಯರು, ಕ್ರೈಸ್ತ ಸನ್ಯಾಸಿನಿಯರು ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ಭಾಷಣ ಮಾಡಿದಾಕೆ ನನ್ನದೇ ವಯಸ್ಸಿನ ಹೆಂಗಸು! ಬಟ್ಟಲಿನಲ್ಲಿ ನೀರು ತುಂಬಿ, ಅಲ್ಲಾಡಿಸಿ, ಸೆರಗು ಒದ್ದೆ ಮಾಡಿಕೊಂಡು, ಚಂದ್ರ ಹೇಗೆ ಎಳೆಯುತ್ತಾನೆ ಎಂದು ತೋರಿಸಿದಳು. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ನಾನು ಪುಸ್ತಕ ನೋಡಿ ಬೋರ್ಡಿನ ಮೇಲೆ ಬರೆಸುವ ಪಾಠವನ್ನು ಹೀಗೂ ಮಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಪಕ್ಕದಲ್ಲಿ ಇವರು, "ನಾಳೆಯವ್ರೂ ಹೀಗೇ ಬಿಡಿಸಿ ಹೇಳಿದ್ರೆ ಆಯ್ತಪ್ಪ," ಎಂದು ಪಿಸುಗುಟ್ಟಿದರು. ಅವರ ಮನಸ್ಸು ಚಂದ್ರನ ಮೇಲಿರಲಿಲ್ಲ.

ಆಮೇಲೆ ಎಲ್ಲರಿಗೂ ಹಾಲಿಲ್ಲದ ಚಹಾ ಕೊಟ್ಟರು. ಸಕ್ಕರೆಯೂ ಇಲ್ಲ. ಅಂಗೈಗೆ ಒಂದು ಚೂರು ಬೆಲ್ಲ. ಬೆಲ್ಲ ಕಚ್ಚುವುದು, ಚಹಾ ಹೀರುವುದು. ನನಗೆ ಹಿಡಿಸಿತು. ಇವರು ಬೆಲ್ಲ ಮಾತ್ರ ತಿಂದರು.

ಕೊಲಂಬೊ, ಶನಿವಾರ

ಬೆಳಿಗ್ಗೆಯಿಂದ ಇಬ್ಬರಿಗೂ ಊಟ ಸೇರಲಿಲ್ಲ. ನಾನು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಇವರು ಅದನ್ನು ಮೂರು ಸಲ ಒಪ್ಪಿಸಿಕೊಂಡರು.

ವಿಜ್ಞಾನಿ ಸಿಲೋನಿನ ಉತ್ತರದ ಯಾಳ್ಪಾಣದ ಕಡೆಯ ತಮಿಳರು, ತಲೆ ಪೂರ್ತಿ ನರೆತ ಮನುಷ್ಯ. ನಿಧಾನವಾದ ಇಂಗ್ಲಿಷು, ಪ್ರತಿ ಮಾತೂ ತಿಳಿಯುವಂತಿತ್ತು. ಇಲ್ಲಿನ ಬೆಟ್ಟಗಳಲ್ಲಿ ನೆತ್ತಿಯವರೆಗೂ ಮರ ಬೋಳಿಸಿ ಕಾಫಿಯೊಂದನ್ನೇ ನೆಟ್ಟಿದ್ದರಂತೆ. ತುಕ್ಕಿನ ಪುಡಿ ಹೊತ್ತ ಗಾಳಿಗೆ ಅಡ್ಡ ಬರುವ ಒಂದು ಮರವೂ ಇರಲಿಲ್ಲವಂತೆ. ಗಾಳಿ ಮಾತ್ರವಲ್ಲ, ತೋಟದಿಂದ ತೋಟಕ್ಕೆ ಓಡಾಡುವವರ ಬಟ್ಟೆಗೂ ಆ ಪುಡಿ ಅಂಟುತ್ತದೆ ಎಂದಾಗ ಇವರು ತಮ್ಮ ಕೋಟನ್ನೊಮ್ಮೆ ನೋಡಿಕೊಂಡರು. ನನಗೆ ನಮ್ಮ ಸಂತೆಯೂ ಅಲ್ಲಿ ಕೈಯಿಂದ ಕೈಗೆ ಹೋಗುವ ಎಲೆಗಳೂ ನೆನಪಾದವು.

ಕೊನೆಗೆ ತೋಟದವರು ಕಾಫಿಯನ್ನು ಕಿತ್ತೊಗೆದು ಚಹಾ ಹಾಕಿದರಂತೆ. ಸತ್ತ ಕಾಫಿಯ ಬೊಡ್ಡೆಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿ, ಚಹಾ ಕುಡಿಯುವ ಮೇಜಿಗೆ ಕಾಲು ಮಾಡಿಸಿದರಂತೆ. ಸಭೆ ನಕ್ಕಿತು. ನಾವಿಬ್ಬರು ನಗಲಿಲ್ಲ.

ಪ್ರಶ್ನೆಯ ಹೊತ್ತು ಬಂತು. ನಾನು ಎದ್ದು ನಿಂತೆ. ನಮ್ಮ ಮೂರು ಎಕರೆಯ ವಿಷಯ ಹೇಳಿ, ಕೀಳಬೇಕೋ ಉಳಿಸಬೇಕೋ ತಿಳಿಸಿ ಎಂದೆ.

ಅವರು ಹೇಳಿದರು: "ನನಗೆ ಗೊತ್ತಿಲ್ಲ ತಾಯಿ. ನಾನು ಹುಟ್ಟುವ ಮೊದಲೇ ಇಲ್ಲಿಯ ಕಾಫಿ ಮುಗಿದಿತ್ತು. ನಮ್ಮವರು ಕಾದು ನೋಡಲಿಲ್ಲ. ಕಾದಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು. ನಿಮ್ಮಲ್ಲಿ ನೆರಳಿನ ಮರ ಉಂಟು, ಸಿಂಪಡಿಸಲು ಮದ್ದು ಉಂಟು. ಇಲ್ಲಿಯವರಿಗೆ ಆಗ ಎರಡೂ ಇರಲಿಲ್ಲ. ಈ ರೋಗವನ್ನು ನಾನು ಸೀಸೆಯಲ್ಲಿ ನೋಡಿದ್ದೇನೆ, ಒಂದು ಇಡೀ ತೋಟದಲ್ಲಿ ನೋಡಿಲ್ಲ. ನೋಡಿದವರು ಈ ಸಭೆಯಲ್ಲಿ ನೀವೇ."

ಅಷ್ಟು ದೊಡ್ಡ ಮನುಷ್ಯ ಅಷ್ಟು ಜನರೆದುರು ಗೊತ್ತಿಲ್ಲ ಎಂದದ್ದು ಕೇಳಿ ನಾನು ಬೆರಗಾದೆ. ಹದಿನಾಲ್ಕು ವರ್ಷದಲ್ಲಿ ತರಗತಿಯೊಳಗೆ ನನ್ನ ಬಾಯಿಂದ ಆ ಮಾತು ಬಂದದ್ದಿಲ್ಲ. ಆದರೆ ನಮ್ಮ ರಾಜಿ ಮುರಿದು ಬಿತ್ತಲ್ಲ! ಅವರು ಕೀಳಿ ಎನ್ನಲಿಲ್ಲ, ಇರಲಿ ಎನ್ನಲೂ ಇಲ್ಲ.

"ದಿನಾ ನೋಡೋದು ಇವರು," ಎಂದು ನಾನು ಯಜಮಾನರ ಕಡೆ ಕೈ ತೋರಿಸಿದೆ. ವಿಜ್ಞಾನಿ ಇವರನ್ನು ಎದ್ದು ಮಾತಾಡಿ ಎಂದರು. ಇಂಗ್ಲಿಷು ಬೇಡ, ತಮಿಳಿನಲ್ಲೇ ಹೇಳಿ ಎಂದರು.

ಇವರಿಗೆ ತಮಿಳು ಬರುತ್ತದೆ. ಲೈನಿನ ಆಳುಗಳ ಜೊತೆ ಇಪ್ಪತ್ತು ವರ್ಷ ಆಡಿದ ತಮಿಳು, ಕೇಳಿ ಕೇಳಿ ನನಗೂ ತಿಳಿಯುವಂಥದ್ದು. ಮೊದಲ ವಾಕ್ಯಕ್ಕೆ ಮುಂದಿನ ಸಾಲಿನವರು ಮುಗುಳ್ನಕ್ಕರು. ಎರಡನೆಯದಕ್ಕೆ ನಗು ನಿಂತಿತು.

"ಬೆಳಿಗ್ಗೆ ಎದ್ದ ಕೂಡಲೇ ತೋಟಕ್ಕೆ ಹೋಗ್ತೇನೆ," ಎಂದರು. "ಒಂದೊಂದು ಎಲೆ ಮಗುಚಿ ನೋಡ್ತೇನೆ. ಮಗುವಿಗೆ ದಡಾರ ಬಂದಾಗ ಅಂಗಿ ಎತ್ತಿ ಬೆನ್ನು ನೋಡ್ತೇವಲ್ಲ, ಹಾಗೆ. ಮೊದಲು ಎಣ್ಣೆ ಬೊಟ್ಟು ಬಿದ್ದ ಹಾಗೆ ಹಳದಿ ಚುಕ್ಕೆ. ಆಮೇಲೆ ಪುಡಿ. ನೆರಳು ಇಲ್ಲದ ಕಡೆ ಬೇಗ ಹಿಡೀತು. ಅತ್ತಿಮರದ ಅಡಿಯವು ತಡ್ಕೊಂಡವು. ಮೂರನೇ ಸಾಲಿನ ಕೊನೆಗೆ ಒಂದು ಗಿಡ ಉಂಟು, ಎಲ್ಲದಕ್ಕಿಂತ ಮೊದಲು ಅದೇ ಬೋಳಾದ್ದು. ಸತ್ತೇ ಹೋಯ್ತು ಅಂದ್ಕೊಂಡೆ. ಕಾಫಿ ಅರಳಿಸೋ ಹೂಮಳೆ ಬಿದ್ದ ಮೇಲೆ ನೋಡಿದ್ರೆ ಗೆಣ್ಣು ಗೆಣ್ಣಿಗೂ ಚಿಗುರು. ದಿನಾ ಹೋಗಿ ಅದರ ಹತ್ರ ನಿಂತು ಬರ್ತೇನೆ."

ಇದನ್ನು ಅವರು ನನಗೆ ಹೇಳಿರಲೇ ಇಲ್ಲ. ಕೀಳುವುದೇ ಸರಿ ಎಂದು ನಾಲ್ಕು ತಿಂಗಳು ನನ್ನ ಮೇಲೆ ಹರಿಹಾಯ್ದ ಮನುಷ್ಯ ದಿನಾ ಬೆಳಿಗ್ಗೆ ಹೋಗಿ ಆ ಗಿಡದ ಹತ್ತಿರ ನಿಲ್ಲುತ್ತಿದ್ದರಂತೆ! ಗಿಡದ ಮೇಲಿನ ಸಿಟ್ಟು ಎಂದು ನಾನು ತಿಳಿದಿದ್ದದ್ದು ಸಿಟ್ಟಾಗಿರಲೇ ಇಲ್ಲ. ಅವು ಒಂದೊಂದಾಗಿ ಸಾಯುವುದನ್ನು ನೋಡಲಾರದೆ ಒಂದೇ ಸಲಕ್ಕೆ ಮುಗಿಸಿಬಿಡಲು ಹೊರಟಿದ್ದರು.

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಿಂದ ಚಹಾ ತೋಟದವರಂತೆ ಕಾಣುತ್ತಿದ್ದ ದಪ್ಪನೆಯ ಮನುಷ್ಯರೊಬ್ಬರು ತಿರುಗಿ, ತಮಿಳಿನಲ್ಲೇ ಸ್ನೇಹದಿಂದ ಕೇಳಿದರು: "ಹಾಗಾದರೆ ನೀವೂ ಕಿತ್ತು ಹಾಕಿ ನಮ್ಮ ಹಾಗೆ ಚಹಾ ಹಾಕುತ್ತೀರೋ?"

ಇವರ ಮುಖ ಕೆಂಪೇರಿತು. "ಯಾಕೆ ಕೀಳ್ತೇನೆ?" ಎಂದರು. "ಕೀಳೋದಿಲ್ಲ."

ಆ ಮಾತು ಬಾಯಿಂದ ಬಿದ್ದ ಮೇಲೆ ನನ್ನ ಕಡೆ ನೋಡದೆ ಕೂತುಬಿಟ್ಟರು.

ಹೊರಗೆ ಬಂದಾಗ ಸಮುದ್ರದ ಕಡೆಯಿಂದ ಒಳ್ಳೆಯ ಗಾಳಿ. ವಿಜ್ಞಾನಿ ತಾವೇ ಬಂದು ನಮ್ಮ ವಿಳಾಸ ಬರೆದುಕೊಂಡು, ವಾರಕ್ಕೊಮ್ಮೆ ಯಾವ ಗಿಡ ಹೇಗಿದೆ ಎಂದು ಬರೆದಿಡಿ, ಕಾಗದ ಹಾಕಿ, ಎಲೆ ಮಾತ್ರ ಕಳಿಸಬೇಡಿ ಎಂದು ನಕ್ಕು ಹೋದರು. ಬರೆದಿಡುವ ಕೆಲಸ ನನ್ನದು ಎಂದು ನಾನು ಆಗಲೇ ಮನಸ್ಸಿನಲ್ಲಿ ಹಂಚಿಕೊಂಡಿದ್ದೆ. ಸ್ವಲ್ಪ ದೂರ ನಡೆದ ಮೇಲೆ ತಡೆಯಲಾಗಲಿಲ್ಲ.

"ಕೀಳೋದಿಲ್ಲ ಅಂದ್ರಲ್ಲ?"

"ಯಾರು?"

"ನೀವೇ. ಅಷ್ಟು ಜನರ ಎದುರಿಗೆ."

"ಅದು ತಮಿಳಲ್ಲಿ ಅಂದದ್ದು."

"ಸರಿ. ಈಗ ಕನ್ನಡದಲ್ಲಿ ಹೇಳಿ."

ಇವರು ನಿಂತರು. ಅಲೆಗಳ ಕಡೆ ತಿರುಗಿದರು.

"ಊರಿಗೆ ಹೋದ ಕೂಡ್ಲೇ ಮೊಣ್ಣಪ್ಪನವ್ರ ಮನೆಗೆ ಹೋಗ್ಬೇಕು," ಎಂದರು. "ಆಳು ಬೇಡ ಅಂತ ಹೇಳ್ಬೇಕು." ಆಮೇಲೆ ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಸಾಯೋದಾದ್ರೆ ಅವೇ ಸಾಯ್ಲಿ ಮಾರಾಯ್ತಿ. ನಾನು ನೆಟ್ಟದ್ದು. ನಾನು ಹೇಗೆ ಕೊಲ್ಲೋದು?"